ಮೈಕಿನಲ್ಲಿ ಸಾರಿದ ಆಧಾರ್ ನಂಬರು

2023ರಲ್ಲಿ ನಾನು ಬ್ಯಾಂಕೊಂದರ ಹೊನ್ನಾವರ ಶಾಖೆಯಲ್ಲಿ ಮ್ಯಾನೇಜರ್ ಆಗಿದ್ದೆ. ನಿವೃತ್ತಿ ಹತ್ತಿರ ಬಂದಿತ್ತು. ಗ್ರಾಹಕರ ಎಲ್ಲ ಅವತಾರಗಳನ್ನೂ ನೋಡಿಯಾಯಿತು ಎಂಬ ಜಂಭವೂ ಇತ್ತು. ಅದನ್ನು ಇಳಿಸಿದವರು ಪಕ್ಕದೂರು ಕಾಸರಕೋಡಿನ ಟೈಲರ್ ಸುಬ್ರಾಯ ನಾಯ್ಕರು.

ಒಂದು ಬೆಳಿಗ್ಗೆ ಅವರು ಹೆಂಡತಿ ಮಾದೇವಿಯವರ ಜೊತೆ ಬಂದರು. ಹಿಂದಿನ ದಿನ ಕುಮಟಾದಿಂದ ಬರುವಾಗ ಬಸ್ಸಿನಲ್ಲಿ ಪಾಕೀಟು ಕಳೆದಿತ್ತು. ಆಧಾರ್, ಪ್ಯಾನ್, ಎಟಿಎಂ ಕಾರ್ಡು ಎಲ್ಲ ಅದರಲ್ಲೇ. ಮಾದೇವಿಯವರ ಮಂಡಿ ಆಪರೇಷನ್ನಿಗೆಂದು ವರ್ಷಗಟ್ಟಲೆ ಕೂಡಿಟ್ಟ ಹಣ ನಮ್ಮಲ್ಲಿದ್ದ ಖಾತೆಯಲ್ಲಿತ್ತು. ಮುಂದಿನ ವಾರವೇ ಮಂಗಳೂರಿನಲ್ಲಿ ಆಪರೇಷನ್. ನನಗೆ ಗಾಬರಿಯಾಯಿತು, ನಾಯ್ಕರಿಗೆ ಇಲ್ಲ.

"ಹೆದ್ರೂದು ಎಂತಕ್ಕೆ ಸಾಯ್ಬ್ರೆ? ನಿನ್ನೆನೇ ರಿಕ್ಷಾ ಬಿಟ್ಟಾತು."

ನಮ್ಮ ಕಡೆ ಯಕ್ಷಗಾನವಿರಲಿ, ಬಟ್ಟೆ ಅಂಗಡಿಯ ರಿಯಾಯಿತಿಯಿರಲಿ, ಮೈಕು ಕಟ್ಟಿದ ರಿಕ್ಷಾ ಊರೆಲ್ಲ ಸುತ್ತಿ ಸಾರುತ್ತದೆ. ನಾಯ್ಕರು ಪಾಕೀಟಿಗೂ ಅದನ್ನೇ ಮಾಡಿಸಿದ್ದರು. ಸಿಕ್ಕಿದವರಿಗೆ ಖಾತ್ರಿಯಾಗಲಿ ಎಂದು ಆಧಾರ್ ನಂಬರು, ಜನ್ಮದಿನಾಂಕ, ಮೊಬೈಲ್ ನಂಬರು, ಬ್ಯಾಂಕಿನ ಹೆಸರು, ಕೊನೆಗೆ ತಾಯಿಯ ಹೆಸರನ್ನೂ ಸಾರಿಸಿದ್ದರು. ಯಾರೋ ಪುಣ್ಯಾತ್ಮರು ಅದನ್ನು ವಿಡಿಯೋ ಮಾಡಿ, ಉಪಕಾರವಾಗಲೆಂದು ಭಟ್ಕಳದವರೆಗಿನ ವಾಟ್ಸಾಪ್ ಗ್ರೂಪುಗಳಿಗೆಲ್ಲ ಹಾಕಿದ್ದರು. ಫೋನಿನಲ್ಲಿ ವ್ಯವಹರಿಸುವಾಗ ಗ್ರಾಹಕರ ಗುರುತು ಹಿಡಿಯಲು ಬ್ಯಾಂಕುಗಳು ಕೇಳುವುದು ಇಂಥ ವಿವರಗಳನ್ನೇ. ಮನೆಗೆ ಬೀಗ ಹಾಕಿ ಕೀಲಿಕೈಯನ್ನು ಬಾಗಿಲಿಗೇ ನೇತುಹಾಕಿದಂತಾಗಿತ್ತು.

"ಎಟಿಎಂ ಪಿನ್ನಾದರೂ ಗುಟ್ಟಾಗಿದೆ ತಾನೆ?"

"ಯಾರಿಗೂ ಹೇಳೂದಿಲ್ಲ. ನನ್ ಸ್ಕೂಟರ್ ನಂಬ್ರ ಅದು," ಎಂದು ಇಡೀ ಶಾಖೆಗೆ ಕೇಳುವಂತೆ ಹೇಳಿದರು. ಸ್ಕೂಟರು ನಮ್ಮ ಬಾಗಿಲಲ್ಲೇ ನಿಂತಿತ್ತು.

ಮೊದಲು ಕಾರ್ಡನ್ನು ಹಾಟ್‌ಲಿಸ್ಟ್ ಮಾಡಿಸಿದೆ, ಅಂದರೆ ಮತ್ತೆ ಯಾರೂ ಬಳಸದಂತೆ ಶಾಶ್ವತವಾಗಿ ನಿಲ್ಲಿಸಿದೆ. ಆಧಾರಿನ ಬೆರಳಚ್ಚು ಲಾಕ್ ಮಾಡಿಸಲು, ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಲು ಹೇಳಿದೆ. ಅವರ ಹೆಸರಿನಲ್ಲಿ ಬೇರೆಯವರು ಸಾಲ ಎತ್ತಿದರೆ ಗೊತ್ತಾಗುವಂತೆ ಆಗಾಗ ಕ್ರೆಡಿಟ್ ರಿಪೋರ್ಟ್ ನೋಡಬೇಕೆಂದೂ ವಿವರಿಸಿದೆ. ಹೊಸ ಕಾರ್ಡಿಗೆ ಗುರುತಿನ ದಾಖಲೆ ಕೇಳಿದಾಗ ನಾಯ್ಕರ ಮುಖ ಗಂಟಿಕ್ಕಿತು. ನನ್ನ ಮೈಮೇಲಿದ್ದ ಅಂಗಿಯನ್ನು ಹೊಲಿದವರೇ ಅವರು.

ಅಷ್ಟರಲ್ಲಿ ಅವರಿಗೆ ಫೋನು ಬಂತು. ಸ್ಪೀಕರ್ ಹಾಕಿಯೇ ಮಾತಾಡುವುದು ಅವರ ರೂಢಿ. ಪಾಕೀಟು ಸಿಕ್ಕಿದೆಯೆಂದೂ ಖಾತೆ ಭದ್ರಪಡಿಸಲು ಈಗ ಬರುವ ಓಟಿಪಿ ಹೇಳಬೇಕೆಂದೂ ಆ ಕಡೆಯವನು ನಯವಾಗಿ ಹೇಳಿದ. ಜನ್ಮದಿನಾಂಕ, ತಾಯಿಯ ಹೆಸರು ಎಲ್ಲವನ್ನೂ ಒಪ್ಪಿಸಿದ. ನಾಯ್ಕರು ಕರಗಿಹೋದರು.

"ನೋಡಿ ಸಾಯ್ಬ್ರೆ, ನಿಮ್ಗಿಂತ ಇವ್ರೇ ಅಡ್ಡಿಲ್ಲ. ನೀವು ಗುರ್ತಿನ ಕಾಗ್ದ ಕೇಳ್ತ್ರಿ, ಇವ್ರು ಕೇಳ್ದೇ ಎಲ್ಲಾ ಹೇಳ್ತ್ರು."

ಓಟಿಪಿ ಬಂದೇಬಿಟ್ಟಿತು. ನಾಯ್ಕರು ಕನ್ನಡಕ ಹುಡುಕತೊಡಗಿದರು. ನಾನು ಕೈ ಚಾಚುವ ಮೊದಲೇ ಮಾದೇವಿಯವರು ಫೋನು ಕಿತ್ತುಕೊಂಡು, ನಮ್ಮೂರಿನಲ್ಲಿ ಯಾರನ್ನಾದರೂ ಮೊದಲು ಕೇಳುವುದನ್ನೇ ಕೇಳಿದರು: "ನೀವು ಯಾವೂರವ್ರು? ಯಾರ ಮನೆಯವ್ರು?"

"ನಾನು ಹೊನ್ನಾವರ ಬ್ರಾಂಚ್ ಮ್ಯಾನೇಜರ್ ಅಮ್ಮಾ."

ಮಾದೇವಿಯವರು ನನ್ನನ್ನು ಒಮ್ಮೆ ನೋಡಿದರು. "ಇಲ್ಲೂ ಒಬ್ರು ಅವ್ರೇ ಕೂತಿದ್ರು. ಯಾರು ಖರೆ ಅಂತ ನೀವಿಬ್ರೇ ತೀರ್ಮಾನ ಮಾಡ್ಕಳಿ," ಎಂದು ಫೋನನ್ನು ನನ್ನ ಕೈಗಿಟ್ಟರು.

"ನೀವು ಮ್ಯಾನೇಜರ್ ಆದರೆ ನಾನು ಯಾರು ಸ್ವಾಮಿ?" ಎಂದೆ. ತಕ್ಷಣ ಲೈನು ಕಡಿದುಹೋಯಿತು. ನನಗೆ ಹೋದ ಜೀವ ಬಂದಂತಾಯಿತು.

ಪಾಕೀಟನ್ನು ಬಸ್ಸಿನ ಕಂಡಕ್ಟರು ಸಿಕ್ಕಿದ ದಿನವೇ ಕುಮಟಾ ನಿಲ್ದಾಣದಲ್ಲಿ ಒಪ್ಪಿಸಿದ್ದರೆಂದು ಆಮೇಲೆ ತಿಳಿಯಿತು. ಅದನ್ನು ಯಾರೂ ಮುಟ್ಟಿರಲಿಲ್ಲ. ಆಪರೇಷನ್ ಗೊತ್ತುಮಾಡಿದ್ದ ದಿನವೇ ನಡೆಯಿತು.

ನಮ್ಮ ವಿವರ ಬಲ್ಲವರೆಲ್ಲ ನಮ್ಮವರಲ್ಲ, ಗುರುತು ಕೇಳುವವನ ಗುರುತನ್ನೇ ಮೊದಲು ಕೇಳಬೇಕು ಎಂಬುದು ಅಂದು ನಾನು ಕಲಿತ ಪಾಠ. ನಾಯ್ಕರು ಅದನ್ನು ನನಗಿಂತ ಚೆನ್ನಾಗಿ ಕಲಿತಿದ್ದರು. ಹೊಸ ಕಾರ್ಡು ಬಂದಿದೆಯೆಂದು ನಾನು ಫೋನು ಮಾಡಿದರೆ ಬೈದು ಇಟ್ಟುಬಿಟ್ಟರು. ಮರುದಿನ ಶಾಖೆಗೇ ಬಂದು, ನನ್ನ ಕೊರಳಲ್ಲಿದ್ದ ಗುರುತಿನ ಚೀಟಿ ಕೇಳಿ ಪಡೆದರು. ಸೇವೆಗೆ ಸೇರಿದ ಮೇಲೆ ಗ್ರಾಹಕರೊಬ್ಬರು ನನ್ನ ಗುರುತು ಕೇಳಿದ್ದು ಅದೇ ಮೊದಲು. ಖುಷಿಯಿಂದಲೇ ಕೊಟ್ಟೆ. ಅವರು ಫೋಟೋವನ್ನೂ ನನ್ನ ಮುಖವನ್ನೂ ನಿಧಾನವಾಗಿ ತಾಳೆ ನೋಡಿದರು.

"ಫೋಟೋ ಹಳೇದಾತು ಸಾಯ್ಬ್ರೆ," ಎಂದರು. "ಬೇರೆ ಎಂತಾದ್ರೂ ತೋರ್ಸಿ."