ಹಣೆಯೆತ್ತರದ ಬೀಮ್

ಗೆಳೆಯರೇ, ವಾಡಿಯಲ್ಲಿ ನಾವು ಕಟ್ಟುತ್ತಿರುವ ಆಫೀಸಿನ ಮೆಟ್ಟಿಲಿಗೆ ಅಡ್ಡವಾಗಿ, ಸರಿಯಾಗಿ ಹಣೆಗೆ ಬಡಿಯುವ ಎತ್ತರದಲ್ಲಿ ಒಂದು ಕಾಂಕ್ರೀಟ್ ಬೀಮ್ ಬಂದು ಕುಳಿತಿದೆ. ತಪ್ಪು ಯಾರದೆಂದು ಇವತ್ತು ಮಹಡಿಯ ಮೇಲೆ ಸಭೆ.

"ನನ್ನ ಫೈಲಿನ್ಯಾಗ ಬೀಮೇ ಇಲ್ಲರಿ, ಬರೀ ಮೆಟ್ಟಲ ಅವ," ಎಂದರು ಆರ್ಕಿಟೆಕ್ಟ್ ಕುಲಕರ್ಣಿ.

"ನನ್ನದ್ರಾಗ ಮೆಟ್ಟಲೇ ಇಲ್ಲರಿ, ಬರೀ ಬೀಮ್ ಅದ," ಎಂದರು ಇಂಜಿನಿಯರ್ ಖಾದರ್ ಸಾಹೇಬರು.

ನಾನು ಎರಡೂ ನಕ್ಷೆಗಳನ್ನು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಇಟ್ಟು ತೋರಿಸಿದೆ. ಇಬ್ಬರೂ ನನ್ನ ಮೇಲೆಯೇ ಹರಿಹಾಯ್ದರು.

"ಎರಡೂ ಕೂಡಿಸಿ ನೋಡಂತ ನಿಮಗ ಯಾರ್ ಹೇಳ್ಯಾರ್ರಿ?"

ನನ್ನ ಹುದ್ದೆಯ ಹೆಸರು ಕೋಆರ್ಡಿನೇಟರ್. ನನಗೆ ಸಂಬಳ ಕೊಡುವುದೇ ಕೂಡಿಸಿ ನೋಡುವುದಕ್ಕೆ.

ಸಭೆ ಮುಗಿಸಿ ಇಳಿಯುವಾಗ ಇಬ್ಬರೂ ಆ ಬೀಮಿನ ಕೆಳಗೆ ಒಟ್ಟಿಗೇ ತಲೆ ತಗ್ಗಿಸಿದರು. ಈ ಕಟ್ಟಡದಲ್ಲಿ ಅವರು ಒಮ್ಮತದಿಂದ ಮಾಡಿದ ಮೊದಲ ಕೆಲಸ ಅದೇ.