ಕವನಾ ಹೊರಗೆ ಕೂತ ದಿನ

ಕೋಣಂದೂರಿನಲ್ಲಿ ನಮ್ಮ ಮಹಿಳಾ ಸಂಘದ್ದೊಂದು ಹಪ್ಪಳದ ಘಟಕ ಇದೆ. ನಾನು ಯಶೋಧಾ, ಅಲ್ಲಿನ ಕಾರ್ಯದರ್ಶಿ. ಆರ್ಡರು, ಸಂಬಳ, ಜಗಳ ಎಲ್ಲ ನನ್ನ ತಲೆಗೇ. ಕವನಾಳನ್ನು ಕೆಲಸಕ್ಕೆ ಸೇರಿಸಿಕೊಂಡವಳೂ ನಾನೇ. ಅವಳು ಹುಟ್ಟಿದ್ದು ಪಕ್ಕದ ಊರಿನ ಚಂದ್ರಯ್ಯನ ಮಗ ತೀರ್ಥೇಶನಾಗಿ. ಬೆಳೆದ ಮೇಲೆ ಸೀರೆ ಉಟ್ಟು, ಹೆಸರು ಬದಲಿಸಿ, ಆಧಾರಿನಲ್ಲೂ ಹೆಣ್ಣೆಂದು ಮಾಡಿಸಿಕೊಂಡಳು. ಸಾಗರದಲ್ಲಿ ಎರಡು ಅಂಗಡಿಯವರು ಗಿರಾಕಿಗಳು ನಗುತ್ತಾರೆಂದು ಅವಳನ್ನು ಕೆಲಸದಿಂದ ಬಿಡಿಸಿದ್ದರು. ನಮ್ಮಲ್ಲಿ ಜನ ಕಡಿಮೆ ಇತ್ತು, ಬಾ ಎಂದೆ.

ಹಿಟ್ಟಿನ ಯಜಮಾನಿಕೆ ವರದಮ್ಮನದು. ವಯಸ್ಸಾದವರು, ಮಾತು ಖಡಕ್ಕು. ಮೊದಲ ದಿನವೇ ನನ್ನನ್ನು ಕರೆದು ಹೇಳಿದರು.

“ದೇವ್ರು ಗಂಡು ಮಾಡಿ ಕಳ್ಸಿದ್ದನ್ನ ನಾನು ಹೆಣ್ಣು ಅನ್ನಲ್ಲ ಯಶೋಧಾ. ನನ್ನ ನಂಬಿಕೆ ನಂಗೆ. ಬೇಕಾದ್ರೆ ನನ್ನನ್ನ ಬಿಡ್ಸು.”

ಬಿಡಿಸಲು ನನಗೇನು ಹುಚ್ಚೇ? ಅವರಿಲ್ಲದಿದ್ದರೆ ಹಪ್ಪಳವಿಲ್ಲ. ಹಾಗಂತ ಕವನಾಳನ್ನೂ ಬಿಡಿಸುವುದಿಲ್ಲ ಎಂದೆ. ಸಂಘದ ಸಭೆಯಲ್ಲಿ ಕೂಗಾಟವೆಲ್ಲ ಮುಗಿದು ತೀರ್ಮಾನವಾಯಿತು: ನಂಬಿಕೆ ಬಿಡಿ ಎಂದು ವರದಮ್ಮನಿಗೆ ಯಾರೂ ಹೇಳಕೂಡದು, ಕವನಾಳ ಕೆಲಸಕ್ಕೂ ಯಾರೂ ಅಡ್ಡ ಬರಕೂಡದು. ವರ್ಷ ಹಾಗೇ ನಡೆಯಿತು. ಅವರು “ತೀರ್ಥೇಶಾ” ಎನ್ನುತ್ತಿದ್ದರು. ಇವಳು ಓಗೊಡುತ್ತಿರಲಿಲ್ಲ, ಹೇಳಿದ ಕೆಲಸ ಮಾತ್ರ ಮಾಡುತ್ತಿದ್ದಳು.

ವರದಮ್ಮನದು ಇನ್ನೊಂದು ಕಟ್ಟಳೆ ಇತ್ತು. ಮುಟ್ಟಾದವರು ಒಳಗೆ ಬಂದರೆ ಹಪ್ಪಳ ಕೆಂಪಾಗುತ್ತದಂತೆ! ಅಂಥವರು ಮೂರು ದಿನ ಹೊರಗೆ, ಜಗಲಿಯಲ್ಲಿ ಕೂತು ಲೇಬಲ್ ಅಂಟಿಸಬೇಕು. ಇದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಎಷ್ಟೋ ಸಲ ಹೇಳದೆ ಒಳಗೇ ಕೆಲಸ ಮಾಡಿದ್ದೇನೆ, ಯಾವ ಹಪ್ಪಳವೂ ಕೆಂಪಾಗಿಲ್ಲ.

ಕಳೆದ ಬೇಸಿಗೆ, ಮದುವೆಯ ಆರ್ಡರು ತಲೆಯ ಮೇಲೆ ಕೂತಿರುವಾಗಲೇ ಹಿಟ್ಟು ಕುಟ್ಟುವ ಹೆಂಗಸರೆಲ್ಲ ಒಟ್ಟಿಗೇ ಹೊರಗಾದರು. ನಾನು ಗಾಬರಿಯಾದೆ. ವರದಮ್ಮನ ಮುಖ ಮಾತ್ರ ಅರಳಿತು.

“ಎಂತಕ್ಕೆ ತಲೆಬಿಸಿ? ತೀರ್ಥೇಶ ಇದಾನಲ್ಲ! ಅವ್ನಿಗೆ ಈ ತಾಪತ್ರಯ ಎಂತೂ ಇಲ್ಲ. ಇನ್ಮೇಲೆ ಹಿಟ್ಟಿನ ಕೆಲ್ಸ ಪೂರಾ ಅವ್ನಿಗೇ ಕೊಡು. ನಂಗೂ ಸಾಕಾಯ್ತು.”

ಹಿಟ್ಟಿನ ಕೆಲಸವೆಂದರೆ ನಮ್ಮಲ್ಲಿ ಖಾಯಂ, ಸಂಬಳವೂ ಹೆಚ್ಚು. ಎರಡು ಕಡೆ ಕೆಲಸ ಕಳೆದುಕೊಂಡವಳಿಗೆ ಇನ್ನೇನು ಬೇಕು? ಸದ್ಯ, ಗೆದ್ದೆವು ಎಂದುಕೊಂಡೆ.

ಕವನಾ ಕೈ ಒರೆಸಿಕೊಂಡಳು. “ನಾನೂ ಇವತ್ತು ಹೊರಗೆ,” ಎಂದಳು.

ಯಾರೋ ಕಿಸಕ್ಕನೆ ನಕ್ಕರು. ವರದಮ್ಮ ಸಿಡುಕಿದರು. “ಎಂತ ಹೊರಗೆ? ನಿಂಗೆ ಎಲ್ಲಿಂದ ಬರ್ತದೆ?”

“ಬರಲ್ಲ ಅಂತ ನಂಗೂ ಗೊತ್ತು ವರದಮ್ಮ. ಆದ್ರೆ ಗಂಡಸು ಅಂತ ಲೆಕ್ಕ ಹಾಕಿ ಕೊಡೋ ಕೆಲ್ಸ ನಂಗೆ ಬ್ಯಾಡ. ಇವ್ರೆಲ್ಲ ಹೊರಗಿದ್ರೆ ನಾನೂ ಹೊರಗೆ.”

“ಖಾಯಂ ಕೆಲ್ಸ ಕಣೇ ಮಾರಾಯ್ತಿ, ಹಠ ಮಾಡ್ಬೇಡ,” ಎಂದು ನಾನು ಗೋಗರೆದೆ.

“ಬಿಡ್ಸೋದಾದ್ರೆ ಬಿಡ್ಸಿ ಯಶೋಧಕ್ಕ,” ಎಂದವಳೇ ಜಗಲಿಗೆ ಹೋಗಿ ಲೇಬಲ್ಲಿನ ಕಟ್ಟು ಎಳೆದುಕೊಂಡಳು. ನಾನು ಮುಟ್ಟು ಮುಚ್ಚಿಟ್ಟು ತಪ್ಪಿಸಿಕೊಳ್ಳುವ ಜಾಗದಲ್ಲಿ ಇವಳು ತಾನಾಗೇ ಹೋಗಿ ಕೂತಳಲ್ಲ!

ವರದಮ್ಮ ಒಬ್ಬರೇ ಹಿಟ್ಟು ಕುಟ್ಟಿದರು. ಕಾಫಿಯ ಹೊತ್ತಿಗೆ ಕೆಟಲ್ ಹಿಡಿದು ಜಗಲಿಗೆ ಬಂದರು. ಹೊರಗಾದವರು ಲೋಟವನ್ನು ನೆಲದ ಮೇಲಿಡಬೇಕು, ಅವರು ಮುಟ್ಟದೆ ಎತ್ತರದಿಂದ ಹೊಯ್ಯಬೇಕು, ಅದು ಕ್ರಮ. ಗಂಡಸಿಗೆಂತ ಮುಟ್ಟು ಎಂದು ಕವನಾಳಿಗೆ ಮಾತ್ರ ಯಾವತ್ತೂ ಲೋಟ ಕೈಗೇ ಕೊಡುತ್ತಿದ್ದರು. ಅವಳು ಅಭ್ಯಾಸದಂತೆ ಕೈ ಚಾಚಿದಳು.

ವರದಮ್ಮ ಅವಳ ಮುಖವನ್ನೇ ನೋಡಿದರು. ಆಮೇಲೆ ಸೆರಗು ತಾಗದಂತೆ ಸೊಂಟಕ್ಕೆ ಸಿಕ್ಕಿಸಿ, ಹಿಂದೆ ಸರಿದರು.

“ಲೋಟ ಕೆಳಗಿಡು, ಮುಟ್ಟಿಬಿಟ್ಟೀಯ,” ಎಂದು ಉಳಿದ ಹೆಂಗಸರಿಗೆ ಹೊಯ್ದ ಹಾಗೆಯೇ ಎತ್ತರದಿಂದ ಹೊಯ್ದರು. “ಮೂರು ದಿನ ಒಳಗೆ ಕಾಲಿಡ್ಬೇಡ, ಗೊತ್ತಾಯ್ತಾ?”

ನನಗೆ ಸಿಟ್ಟು ನೆತ್ತಿಗೇರಿತು. ಕವನಾ ಮಾತ್ರ ಕಣ್ಣೊರೆಸಿಕೊಂಡು ನಗುತ್ತಿದ್ದಳು.

“ಇಲ್ಲ ವರದಮ್ಮ, ಬರಲ್ಲ,” ಎಂದಳು.