ನಾದಿನಿಯ ಹೊಲಕ್ಕೆ ಒಬ್ಬನೇ ಸಾಕ್ಷಿ

ಆಗಿನ್ನೂ ನಿಜಾಮರ ಕಾಲ. ನನ್ನ ನಾದಿನಿ ಗಂಡನನ್ನು ಕಳಕೊಂಡು ಯಲಬುರ್ಗಿ ಹತ್ತಿರದ ಮಂಗಳೂರೆಂಬ ಹಳ್ಳಿಯ ನಮ್ಮ ಮನೆಗೆ ಬಂದ ವರ್ಷವೇ ಮಾವನವರು ಆಕೆಗೆ ಹಳ್ಳದ ದಂಡೆಯ ಹೊಲ ಕೊಟ್ಟರು. ಬಾಯಿಮಾತಿನಲ್ಲಿ ಕೊಟ್ಟದ್ದು, ಕಾಗದವಿಲ್ಲ. ಮಾವನವರು ತೀರಿಕೊಂಡ ಮೇಲೆ ನಮ್ಮ ಯಜಮಾನರ ಅಣ್ಣ, ಅಂದರೆ ನಮ್ಮ ಭಾವನವರು, "ಹೆಣ್ಮಗಳಿಗೆ ಹೊಲ ಎಲ್ಲೈತಿ? ಉಂಡು ಉಟ್ಟು ಮನ್ಯಾಗ ಇರಲಿ" ಎಂದು ತಾವೇ ನೇಗಿಲು ಹೂಡಿಸಿಬಿಟ್ಟರು. ಆ ಹೊಲ ಹೋದರೆ ಆಕೆಯ ಬಾಳೆಲ್ಲ ಇನ್ನೊಬ್ಬರ ಒಲೆಯ ಮುಂದೆಯೇ. ಯಲಬುರ್ಗಿಯ ಕೋರ್ಟಿಗೆ ಹೋದೆವು.

ಯಜಮಾನರಿಗೆ ತಂಗಿಯ ಮೇಲೆ ಜೀವ, ಅಣ್ಣನ ಮುಂದೆ ಬಾಯಿಲ್ಲ. ಹೀಗಾಗಿ ವಕೀಲರು ಹೇಳಿದ್ದನ್ನೆಲ್ಲ ನಡೆಸುವ ಕೆಲಸ ನನಗೇ ಬಂತು. ಯಾವುದು ಮೊದಲು ಒಲೆಗೇರಬೇಕು, ಯಾವುದು ಆಮೇಲೆ ಎಂಬುದು ಅಡಿಗೆ ಮಾಡುವವಳಿಗೆ ಗೊತ್ತಿರುತ್ತದಲ್ಲ, ಕೇಸೂ ಹಾಗೆಯೇ ಅಂದುಕೊಂಡೆ. ಪೇಶಿಯ, ಅಂದರೆ ವಿಚಾರಣೆಯ, ದಿನಕ್ಕೆ ಯಾರ ಬಂಡಿ ಖಾಲಿ ಇದೆ ಎಂದು ಎಂಟು ದಿನ ಮೊದಲೇ ಕೇಳಿಟ್ಟೆ. ಸಾಕ್ಷಿ ಮಾತ್ರ ಒಬ್ಬನೇ, ಮಾವನವರ ಹತ್ತಿರ ದುಡಿದ ಅಜ್ಜ. ಇನ್ನೊಬ್ಬ ಪ್ಲೇಗಿನಲ್ಲಿ ಹೋಗಿದ್ದ. ಅಜ್ಜನಾದರೂ ಉಳಿದನಲ್ಲ ಎಂದು ಹುಲಿಗೆಮ್ಮನಿಗೆ ಕೈಮುಗಿದೆ. ದಿನಾ ರೊಟ್ಟಿ ಹಾಕುವಾಗ ಅವನಿಗೆ ಪಾಠ: ಮೊದಲು ಹೆಸರು, ಆಮೇಲೆ ಹೊಲ ಕೊಟ್ಟದ್ದು, ಆಮೇಲೆ ನಾಲ್ಕು ದಿಕ್ಕಿನ ಗಡಿ.

ಕೋರ್ಟಿನಲ್ಲಿ ಮುನಸೀಫ ಸಾಹೇಬರು ಉರ್ದುವಿನಲ್ಲಿ ಕೇಳಿದ್ದನ್ನು ಗುಮಾಸ್ತ ಕನ್ನಡದಲ್ಲಿ ಹೇಳುತ್ತಿದ್ದ.

"ನಿನ್ನ ಹೆಸರೇನು?"

ಅಜ್ಜ ಹೆಸರು ಹೇಳಿ ನಿಲ್ಲಲೇ ಇಲ್ಲ. ಹೊಲ, ಹಳ್ಳ, ಬದು, ಬೇವಿನಗಿಡ ಎಲ್ಲವನ್ನೂ ಒಂದೇ ಉಸುರಿಗೆ ಒಪ್ಪಿಸಿಬಿಟ್ಟ. ಮಂದಿ ಹೋ ಎಂದು ನಕ್ಕರು.

ಭಾವನವರ ವಕೀಲ, "ಗಿಣಿ ಛಲೋ ಮಾತಾಡತೈತಿ! ಯಾರು ಕಲಿಸ್ಯಾರೋ ಅಜ್ಜಾ?" ಎಂದ.

"ನಮ್ಮ ಅವ್ವಾರು ಕಲಿಸ್ಯಾರ್ರೀ. ಅಗಾ, ಅಲ್ಲಿ ಕುಂತಾರ ನೋಡ್ರಿ."

ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ನನ್ನ ಜಾಣತನವೇ ಆಕೆಯ ಹೊಲ ಮುಳುಗಿಸಿತು ಅಂದುಕೊಂಡೆ.

"ಕಲಿಸಿದ್ದು ಬಿಡು," ಎಂದ ಗುಮಾಸ್ತ. "ಕಣ್ಣಾರೆ ಕಂಡದ್ದು ಹೇಳು ಅಂತಾರ ಸಾಹೇಬ್ರು."

ಅಜ್ಜ ನನ್ನ ಕಡೆ ನೋಡಿದ. "ಅದನ್ನ ಹೇಳಬ್ಯಾಡ ಅಂದಾರ್ರೀ ಅವ್ವಾರು."

ನನ್ನ ಪಕ್ಕದಲ್ಲಿ ಕುಳಿತ ನಾದಿನಿ ತಲೆ ಎತ್ತಿದಳು. "ಹೇಳು ಯಪ್ಪಾ."

"ದೊಡ್ಡ ಧಣಿ ಜಡ್ಡಿನಾಗ ಇದ್ರು ರೀ. ಹೊರಸಿನಿಂದ ಇಳದು, ಆ ಹೊಲದ ಮಣ್ಣು ಮಗಳ ಉಡ್ಯಾಗ ಹಾಕಿದ್ರು. ಮುತ್ತೈದಿಗೆ ಉಡಿ ತುಂಬಿಧಂಗ, ಐದು ಬೊಗಸಿ."

ಗಂಡ ಸತ್ತವಳಿಗೆ ಉಡಿ ತುಂಬುವುದುಂಟೆ? ಹತ್ತು ಮಂದಿಯ ಮುಂದೆ ಅದು ಬಂದರೆ ಸತ್ತ ಮಾವನವರಿಗೂ ಆಕೆಗೂ ಅಪವಾದ ಎಂದು ನಾನೇ ಮುಚ್ಚಿಡಿಸಿದ್ದೆ. ಈಗ ಯಾರೂ ನಗಲಿಲ್ಲ.

ಸಾಹೇಬರು ಗುಮಾಸ್ತನಿಂದ ಭಾವನವರನ್ನು ಕೇಳಿಸಿದರು, ಇದು ನಿಜವೇ ಎಂದು. ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಅವರು ರುಮಾಲು ತೆಗೆದು ಕೈಯಲ್ಲಿ ಹಿಡಿದರು.

"ಖರೇ ಐತ್ರಿ. ಮಣ್ಣು ಬುಟ್ಯಾಗ ತುಂಬಿ ತಂದಾವ ನಾನ."

ಅಂದೇ ರಾಜಿ ಬರೆದರು. ಹೊಲ ನಾದಿನಿಗೆ ಉಳಿಯಿತು. ಬಂಡಿ ಊರ ಕಡೆ ತಿರುಗಿದ ಮೇಲೆ ಆಕೆ ಕೇಳಿದಳು, "ವೈನಿ, ಯಾಕ ಮುಚ್ಚಿಡಬೇಕಂತ ಮಾಡಿದ್ರಿ?"

"ನಿನ್ನ ಮಾನಕ್ಕವ್ವ."

"ನಮ್ಮಪ್ಪ ಮಾಡಿದ್ದಕ್ಕ ನಂಗೇನ ನಾಚಿಕಿ?" ಎಂದವಳೇ ಬುತ್ತಿ ಬಿಚ್ಚಿ ಮೊದಲ ರೊಟ್ಟಿ ನನ್ನ ಕೈಗಿಟ್ಟಳು.